ಕಾಲು ತಾಗಿದ ಹತ್ತು ದಿನ

ಮೊದಲ ದಿನವೇ ನಾನು ಒಬ್ಬಳನ್ನು ಕೆಡವಿದೆ. ಬೇಕೆಂದು ಅಲ್ಲ. ಚೆಂಡು ನಮ್ಮಿಬ್ಬರ ನಡುವೆ ಇತ್ತು, ನಾನು ಕಾಲು ಚಾಚಿದೆ, ಚೆಂಡಿನ ಜೊತೆಗೆ ಅವಳ ಕಾಲೂ ಬಂತು. ಅವಳು ಬಿದ್ದಳು, ಚೆಂಡು ನನ್ನ ಬಳಿ ಉಳಿಯಿತು. ಎದುರಿಗೆ ಯಾರೂ ಇರಲಿಲ್ಲ. ನಮ್ಮವರೇ ಎರಡು ಪಾಲಾಗಿ ಆಡುತ್ತಿದ್ದ ಆಟ ಅದು; ಎದುರಿನ ಗೋಲು ಕಾಯಬೇಕಾಗಿದ್ದ ನಮ್ಮ ಕ್ಯಾಪ್ಟನ್ ಆ ಹೊತ್ತಿಗೆ ಜುಟ್ಟು ಕಟ್ಟಿಕೊಳ್ಳುತ್ತಿದ್ದಳು. ಹತ್ತು ಹೆಜ್ಜೆ ಓಡಿ ಒದ್ದಿದ್ದರೆ ಸಾಕಾಗಿತ್ತು. ನಾನು ನಿಂತೆ, ಬಗ್ಗಿದೆ, ಬಿದ್ದವಳ ಕಾಲನ್ನು ಬಲಗೈಯಿಂದ ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ. ತಲೆ ಎತ್ತುವಷ್ಟರಲ್ಲಿ ಚೆಂಡು ಬೇರೆ ಯಾರದೋ ಕಾಲಿಗೆ ಸಿಕ್ಕಿ ನಮ್ಮದೇ ಕಡೆಯ ಗೋಲಿನೊಳಗೆ ಬಿದ್ದಿತ್ತು.

ಕೋಚ್ ಸೀಟಿ ಊದಿದರು. ನಾನು ಒದ್ದದ್ದಕ್ಕಲ್ಲ; ನಮ್ಮ ತರಬೇತಿಯಲ್ಲಿ ಅಂಥ ಸಣ್ಣ ವಿಷಯಕ್ಕೆ ಸೀಟಿ ಊದುವ ಪದ್ಧತಿ ಇರಲಿಲ್ಲ. ನಿಂತದ್ದಕ್ಕೆ.

ಇದು ಇಂಗ್ಲೆಂಡಿನ ಲೀಡ್ಸ್‌ನ ಒಂದು ವಿಶ್ವವಿದ್ಯಾಲಯದ ಮಹಿಳೆಯರ ಎರಡನೆಯ ಫುಟ್ಬಾಲ್ ತಂಡ. ಎರಡು ಸಾವಿರದ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಕಾಲೇಜು ಶುರುವಾಗುವುದಕ್ಕೆ ಮೊದಲು, ಸೆಪ್ಟೆಂಬರಿನಲ್ಲಿ, ಹತ್ತು ದಿನದ ತಾಲೀಮು. ಹತ್ತನೆಯ ದಿನ ಮ್ಯಾಂಚೆಸ್ಟರ್‌ನ ಒಂದು ತಂಡದ ಜೊತೆ ಸ್ನೇಹದ ಪಂದ್ಯ, ಅದು ಮುಗಿದ ಮೇಲೆ ಕೋಚ್ ತಮ್ಮ ನೋಟ್‌ಬುಕ್ಕಿನಿಂದ ಹದಿನಾರು ಹೆಸರು ಓದುತ್ತಿದ್ದರು. ಆ ಹದಿನಾರರಲ್ಲಿ ಇರಬೇಕೆಂಬುದು ಬಿಟ್ಟರೆ ನನಗೆ ಆ ವರ್ಷ ಬೇರೆ ಆಸೆ ಇರಲಿಲ್ಲ. ಹಿಂದಿನ ವರ್ಷ ಪೂರ್ತಿ ನಾನು ಆಟದ ನಡುವಿನ ಬಿಡುವಿನಲ್ಲಿ ತಿನ್ನುವ ಕಿತ್ತಳೆ ಹಣ್ಣು ಹೆಚ್ಚಿದ್ದೆ. ಒಂದೊಂದನ್ನು ಸಮನಾಗಿ ನಾಲ್ಕು ಹೋಳು. ನನ್ನ ಕಾಲು ಯಾರಿಗಾದರೂ ತಾಗುವಷ್ಟು ಹತ್ತಿರಕ್ಕೆ ಆಗ ನನ್ನನ್ನು ಯಾರೂ ಬಿಟ್ಟಿರಲಿಲ್ಲ. ಹಾಗಾಗಿ ನನ್ನಲ್ಲಿ ಇಂಥದ್ದೊಂದು ತೊಂದರೆ ಇದೆಯೆಂದು ನನಗೂ ಗೊತ್ತಿರಲಿಲ್ಲ.

ಕೋಚ್ ಮೂವತ್ತು ವರ್ಷ ಟಪಾಲು ಹಂಚಿ ನಿವೃತ್ತರಾದವರು. ಅವರ ಇಂಗ್ಲಿಷ್ ಆ ಸೀಮೆಯದೇ, ಅಚ್ಚ ಯಾರ್ಕ್‌ಶೈರಿನದು: ಪದಗಳ ಬಾಲ ಕತ್ತರಿಸುವುದು, ಎಲ್ಲರನ್ನೂ ‘ಲವ್’ ಎಂದು ಕರೆಯುವುದು. ಅದರಲ್ಲಿ ಪ್ರೀತಿಯೇನೂ ಇರಲಿಲ್ಲ. ನಮ್ಮ ಹುಬ್ಬಳ್ಳಿಯ ಕಡೆ ಅಂಗಡಿಗೆ ಬಂದ ಗಿರಾಕಿಯಿಂದ ಹಿಡಿದು ದಾರಿಗೆ ಅಡ್ಡ ನಿಂತ ಎಮ್ಮೆಯವರೆಗೆ ಎಲ್ಲರಿಗೂ ‘ಯವ್ವಾ’ ಅನ್ನುವಂತೆ. ಹನ್ನೆರಡನೆಯ ವಯಸ್ಸಿಗೆ ಹುಬ್ಬಳ್ಳಿ ಬಿಟ್ಟು ಲೆಸ್ಟರ್‌ಗೆ ಬಂದವಳು ನಾನು. ಅವರು ಬಾಯಿ ತೆರೆದರೆ ನನಗೆ ನಮ್ಮ ಕಡೆಯ ಕನ್ನಡವೇ ಕೇಳಿಸುತ್ತಿತ್ತು. ಇಲ್ಲಿಯೂ ಹಾಗೇ ಬರೆಯುತ್ತೇನೆ.

"ಯವ್ವಾ, ಏನದು?"

"ಏನಿಲ್ಲ."

"ಏನಿಲ್ಲ ಅಂದ್ರ? ಗೋಲು ಬಾಗಲಾ ತಕ್ಕೊಂಡು ನಿನ್ನ ಹಾದಿ ಕಾಯಾಕತ್ತಿತ್ತು. ನಡುವ ಬಗ್ಗಿ ಏನ ಹುಡುಕಿದಿ?"

ಹೇಳಬಹುದಿತ್ತು. ನಮ್ಮ ಮನೆಯಲ್ಲಿ ಯಾರಿಗಾದರೂ ಕಾಲು ತಾಗಿದರೆ ಮುಟ್ಟಿ ನಮಸ್ಕಾರ ಮಾಡುತ್ತೇವೆ, ಕಾಲು ತಾಗಿದ್ದು ಪುಸ್ತಕಕ್ಕಾದರೂ ಅಷ್ಟೇ, ಇದನ್ನು ನಾನು ಯೋಚಿಸಿ ಮಾಡುವುದಿಲ್ಲ, ಸೀನಿದ ಹಾಗೆ ಬರುತ್ತದೆ ಎಂದು ಎರಡು ವಾಕ್ಯದಲ್ಲಿ ಮುಗಿಯುವ ವಿಷಯ. ಆದರೆ ಹದಿನೆಂಟು ಹುಡುಗಿಯರು ಸೊಂಟದ ಮೇಲೆ ಕೈಯಿಟ್ಟುಕೊಂಡು ನೋಡುತ್ತಿದ್ದರು. ಮನೆಯ ವಿಷಯವನ್ನು ಅಂಥ ಕಡೆ ಬಿಡಿಸಿ ಹೇಳುವುದು ನನ್ನ ಜಾಯಮಾನವಲ್ಲ.

"ಕಾಂಟ್ಯಾಕ್ಟ್ ಲೆನ್ಸ್," ಅಂದೆ.

ನನ್ನ ಎರಡೂ ಕಣ್ಣು ಸರಿಯಾಗಿವೆ. ದೂರದ ಬಸ್ಸಿನ ನಂಬರನ್ನು ಎಲ್ಲರಿಗಿಂತ ಮೊದಲು ಓದುವವಳು ನಾನೇ.

ಮರುದಿನ ಕೋಚ್ ಕ್ರೀಡಾ ಕೇಂದ್ರದ ಕಳೆದುಹೋದ ವಸ್ತುಗಳ ಪೆಟ್ಟಿಗೆಯಿಂದ ಸ್ಕ್ವಾಷ್ ಆಡುವವರು ಹಾಕಿಕೊಳ್ಳುವ ದಪ್ಪ ಪ್ಲಾಸ್ಟಿಕ್ ಕನ್ನಡಕವೊಂದನ್ನು ತಂದರು. ತಲೆಯ ಹಿಂದೆ ಬಿಗಿಯುವ ಎಲಾಸ್ಟಿಕ್ ಪಟ್ಟಿ ಅದಕ್ಕಿತ್ತು. ಪಟ್ಟಿಯಲ್ಲಿ ಯಾರದೋ ಬಿಳಿಗೂದಲು ಸಿಕ್ಕಿಕೊಂಡಿತ್ತು.

"ಹಾಕ್ಕೊ. ಇನ್ನ ಲೆನ್ಸ್ ಬಿದ್ರೂ ಇದರಾಗ ಬೀಳತೈತಿ. ನಿಲ್ಲೂ ಕೆಲಸಿಲ್ಲ."

ಹೀಗೆ ನಾನು ಮುಂದಿನ ಐದು ದಿನ ಬೆಸುಗೆ ಹಾಕುವವಳಂತೆ ಆಡಿದೆ.

ತಾಲೀಮಿನ ಬಗ್ಗೆ ಹೆಚ್ಚು ಹೇಳುವಂಥದ್ದಿಲ್ಲ. ಸಮತಟ್ಟಾದ ಮೈದಾನಗಳೆಲ್ಲ ಗಂಡಸರ ತಂಡಗಳಿಗೆ ಹೋಗಿದ್ದವು. ನಮಗೆ ಸಿಕ್ಕಿದ್ದು ಎಡಗಡೆಗೆ ಇಳಿಜಾರಾಗಿದ್ದ ಒಂದು ಹುಲ್ಲುಗಾವಲು. ಅದರ ತಗ್ಗಿನ ತುದಿಯಲ್ಲಿ ಊರಿನ ಮುದುಕರು ಬೀನ್ಸ್, ಎಲೆಕೋಸು ಬೆಳೆಯುವ ಪುಟ್ಟ ತೋಟಗಳು. ಹೊಡೆದ ಚೆಂಡುಗಳಲ್ಲಿ ಅರ್ಧ ಅಲ್ಲಿಗೆ ಹೋಗಿ ಬೀಳುತ್ತಿದ್ದವು. ಮೈದಾನದಲ್ಲಿ ನಮಗಿಂತ ಮೊದಲು ಬಾತುಗಳು ತಾಲೀಮು ಮುಗಿಸಿ ಗುರುತು ಬಿಟ್ಟು ಹೋಗಿರುತ್ತಿದ್ದವು. ಬೆಳಿಗ್ಗೆ ಬ್ಲೀಪ್ ಟೆಸ್ಟ್: ಟೇಪ್ ರೆಕಾರ್ಡರಿನಿಂದ ಕುಂಯ್ ಎಂದು ಸದ್ದು ಬರುತ್ತದೆ, ಮುಂದಿನ ಸದ್ದಿಗೆ ಮೊದಲು ಇಪ್ಪತ್ತು ಮೀಟರ್ ಓಡಿ ಗೆರೆ ಮುಟ್ಟಬೇಕು, ಸದ್ದುಗಳು ಹತ್ತಿರವಾಗುತ್ತ ಹೋಗುತ್ತವೆ, ನೀವು ಬೀಳುತ್ತೀರಿ. ಆ ಟೇಪಿನ ಬ್ಯಾಟರಿ ಇಳಿದಿದ್ದರಿಂದ ಸದ್ದುಗಳು ನಿಧಾನವಾಗಿ ಬಂದು, ನಾವೆಲ್ಲರೂ ರಾಷ್ಟ್ರ ಮಟ್ಟದ ಓಟಗಾರರೆಂದು ಒಂದು ಬೆಳಗಿನ ಮಟ್ಟಿಗೆ ಸಾಬೀತಾಯಿತು. ಆಮೇಲೆ ವಾಂತಿ. ಅದಕ್ಕೆ ಗೊತ್ತಾದ ಜಾಗವೊಂದಿತ್ತು, ಬೇಲಿಯ ಹತ್ತಿರ, ಸರದಿಯಲ್ಲಿ ಹೋಗುತ್ತಿದ್ದೆವು.

ತಂಡ ಹಂಚಿಕೊಂಡು ಆಡುವಾಗ ಮೇಲೆ ಹಾಕಿಕೊಳ್ಳುವ ಬಣ್ಣದ ಬಿಬ್‌ಗಳನ್ನು ಯಾವ ವರ್ಷ ಒಗೆದಿದ್ದರೋ ಯಾರಿಗೂ ನೆನಪಿರಲಿಲ್ಲ. ಯಾರು ಒಗೆಯಬೇಕೆಂಬ ಸರದಿಪಟ್ಟಿ ಗೋಡೆಯ ಮೇಲಿತ್ತು. ಅದರಲ್ಲಿದ್ದವರೆಲ್ಲ ಡಿಗ್ರಿ ಮುಗಿಸಿ ಕೆಲಸಕ್ಕೆ ಸೇರಿಯಾಗಿತ್ತು.

ನಾನು ಲೆಫ್ಟ್ ಬ್ಯಾಕ್ ಜಾಗಕ್ಕೆ ಕಣ್ಣು ಹಾಕಿದ್ದೆ. ಎದುರಾಳಿಯ ಬಲಗಡೆಯಿಂದ ಓಡಿ ಬರುವವಳನ್ನು ತಡೆಯುವ ಕೆಲಸ. ತಡೆಯುವುದು ಎಂಬುದು ಮರ್ಯಾದೆಯ ಮಾತು; ಹೆಚ್ಚಿನಂಶ ಅದು ಕಾಲಿಗೆ ಕಾಲು ಕೊಡುವ ಕೆಲಸ. ಅದನ್ನು ನಾನು ಚೆನ್ನಾಗಿಯೇ ಮಾಡುತ್ತಿದ್ದೆ. ತಾಗಿದ ಮೇಲೆ ಏನು ಮಾಡುತ್ತಿದ್ದೆ ಎಂಬುದೇ ತೊಂದರೆ. ಮೂರನೆಯ ದಿನ ಎಣಿಸಿದೆ: ಹದಿನಾಲ್ಕು ಸಲ ಕಾಲು ತಾಗಿತು, ಹನ್ನೊಂದು ಸಲ ಬಗ್ಗಿದೆ. ಉಳಿದ ಮೂರು ಸಲ ನಾನೇ ಬಿದ್ದಿದ್ದೆ.

ಉಪಾಯಗಳನ್ನು ಹುಡುಕಿದೆ. ಅಂಗಿಯ ತೋಳುಗಳನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಓಡಿದೆ, ಮುಷ್ಟಿಯಿಂದಲೇ ಮುಟ್ಟಿದೆ. ಮನಸ್ಸಿನಲ್ಲೇ ನಮಸ್ಕಾರ ಮಾಡಲು ನೋಡಿದೆ. ಮನಸ್ಸು ಮುಗಿಸುವ ಮೊದಲೇ ಕೈ ಮುಗಿಸಿರುತ್ತಿತ್ತು. ಆಮೇಲೆ ಶಾಸ್ತ್ರದ ದಾರಿ ಹಿಡಿದೆ. ಎಲ್ಲರೂ ಕಣಕಾಲಿಗೆ ಶಿನ್ ಪ್ಯಾಡ್ ಕಟ್ಟಿರುತ್ತಾರೆ, ಅದು ಪ್ಲಾಸ್ಟಿಕ್, ನಾನು ಒದ್ದದ್ದು ಪ್ಲಾಸ್ಟಿಕ್ಕನ್ನು, ಮನುಷ್ಯರನ್ನಲ್ಲ. ಪಾಪ ಪ್ಲಾಸ್ಟಿಕ್ಕಿನ ಮೂಲಕ ಹಾಯುತ್ತದೆಯೇ? ಇದರ ಬಗ್ಗೆ ಯಾವ ಹಿರಿಯರೂ ಏನೂ ಹೇಳಿಹೋಗಿಲ್ಲ. ಹಾಯುವುದಿಲ್ಲವೆಂದು ನಾನು ತೀರ್ಮಾನಿಸಿದೆ, ನನ್ನ ಕೈ ಒಪ್ಪಲಿಲ್ಲ. ಚೆಂಡಿನ ವಿಷಯದಲ್ಲಿ ಮಾತ್ರ ಅದಕ್ಕೆ ಯಾವ ತಕರಾರೂ ಇರಲಿಲ್ಲ. ಚೆಂಡು ಒದೆಸಿಕೊಳ್ಳಲೆಂದೇ ಹುಟ್ಟಿದ್ದು.

ಆರನೆಯ ದಿನ ಸಿಕ್ಕಿಬಿದ್ದೆ.

ಮಳೆ ಜಿನುಗುತ್ತಿತ್ತು, ಕನ್ನಡಕ ಒಳಗಿನಿಂದ ಮಬ್ಬಾಗಿತ್ತು. ಚೆಂಡೆಂದುಕೊಂಡು ಯಾವುದರ ಹಿಂದೆಯೋ ಓಡಿ, ಬಾತುಗಳ ಕೊಡುಗೆಯ ಮೇಲೆ ಜಾರಿ, ಗೆರೆಯಾಚೆ ಕೋಚ್ ನಿಂತಿದ್ದ ಕಡೆಗೆ ಹೋದೆ. ನನ್ನ ಬೂಟು ಅವರ ಪಕ್ಕದಲ್ಲಿ ಹುಲ್ಲಿನ ಮೇಲಿದ್ದ ನೋಟ್‌ಬುಕ್ಕಿಗೆ ಬಡಿಯಿತು. ಎಲ್ಲರ ಹೆಸರು ಬರೆದಿಟ್ಟಿದ್ದ ಅದೇ ನೋಟ್‌ಬುಕ್. ಎದ್ದು ಕೂತವಳು ಅದನ್ನು ಎತ್ತಿಕೊಂಡು ಎರಡೂ ಕಣ್ಣಿಗೆ, ಅಂದರೆ ಕನ್ನಡಕದ ಎರಡೂ ಗಾಜಿಗೆ, ಒತ್ತಿಕೊಂಡು ಅವರ ಕೈಗೆ ಕೊಟ್ಟೆ.

ಕ್ಯಾಪ್ಟನ್ ಗೋಲು ಬಿಟ್ಟು ಬಂದಳು. ಮ್ಯಾಂಚೆಸ್ಟರ್‌ನವಳು, ನಮ್ಮಲ್ಲಿ ದಂತವೈದ್ಯಕೀಯ ಓದುತ್ತಿದ್ದವಳು, ಎಲ್ಲರ ಬಾಯಿಯೂ ತನಗೆ ಸೇರಿದ್ದೆಂಬಂತೆ ಹತ್ತಿರ ಬಂದು ಮಾತಾಡುವವಳು.

"ಲೆನ್ಸ್ ಸರಿ ಮಾಡ್ಕೊಳ್ಳೋಕೆ ನೋಟ್‌ಬುಕ್ ಬೇಕಾಗುತ್ತಾ?" ಅಂದಳು. "ಮೊನ್ನೆ ನನ್ನ ಕೈಗವಸನ್ನ ತುಳಿದಾಗಲೂ ಹಿಂಗೇ ಮಾಡಿದೆ. ನಾನು ಮೂಸಿ ನೋಡ್ತಿದ್ದೀಯ ಅಂದ್ಕೊಂಡೆ."

ಹೇಳಿದೆ. ಎರಡು ವಾಕ್ಯದಲ್ಲೇ ಮುಗಿಯಿತು. ಮಳೆಯಲ್ಲಿ ಹದಿನೆಂಟು ಮಂದಿ ನಿಂತು ಕೇಳಿದರು. ನನ್ನ ಕಿವಿ ಬಿಸಿಯಾಗಿದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

"ಅಂದ್ರ ಇಷ್ಟ ದಿನಾ ಒದ್ದವರಿಗೆಲ್ಲಾ ನೀ ತಪ್ಪಾತು ಅನ್ನಾಕತ್ತಿದ್ದಿ?" ಕೋಚ್ ಕೇಳಿದರು.

"ಹೌದು."

"ಕಣ್ಣು ಚಲೋ ಅದಾವ?"

"ಅದಾವ."

ಅವರು ನೋಟ್‌ಬುಕ್ಕಿನ ಕೆಸರನ್ನು ತೊಡೆಗೆ ಒರೆಸಿಕೊಂಡು ಮುದುಕರ ಎಲೆಕೋಸುಗಳನ್ನು ನೋಡಿದರು. "ನೋಡವಾ, ಮೂವತ್ತ ವರ್ಷ ನನಗ ನಾಯಿ ಕಡದಾವ. ಒಂದ ನಾಯಿನೂ ಕಡದ ಮ್ಯಾಲೆ ನಿಂತು ಮಾತಾಡಿಸಿಲ್ಲ. ಕಡಿಯೂದು, ಓಡೂದು. ಲೆಫ್ಟ್ ಬ್ಯಾಕ್ ಅಂದ್ರ ಅದ. ನಿನ್ನ ಕಾಲು ಚಲೋ ಐತಿ, ಕೈ ನಡುವ ಬರತೈತಿ. ಶನಿವಾರ ಮ್ಯಾಚಿನ್ಯಾಗ ಒಮ್ಮೆ ಬಗ್ಗಿದ್ರೂ ನಿನ್ನ ಹೆಸರು ಓದಂಗಿಲ್ಲ. ಕಿತ್ತಳಿ ಹೆಚ್ಚಾಕ ಬಾ, ಬ್ಯಾಡ ಅನ್ನೂದಿಲ್ಲ."

ಅದು ಬೈಗುಳವಾಗಿರಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಆ ಸಂಜೆ ಅವ್ವನಿಗೆ ಫೋನು ಮಾಡಿದೆ. ಅವ್ವ ಲೆಸ್ಟರ್‌ನಲ್ಲಿ ಹೆರಿಗೆ ಡಾಕ್ಟರು. ನಾನು ಫುಟ್ಬಾಲ್ ಆಡುವುದು ಮನೆಯಲ್ಲಿ ಗೊತ್ತಿರಲಿಲ್ಲ. ಯಾರೂ ಬೇಡವೆಂದಿರಲಿಲ್ಲ, ಯಾರನ್ನೂ ನಾನು ಕೇಳಿರಲಿಲ್ಲ. ಹೇಳದೆ ಇರುವುದು ಸುಲಭವಾಗಿತ್ತು. ಲೈಬ್ರರಿಯ ಕೆಲಸಕ್ಕೆಂದು ಲೀಡ್ಸ್‌ಗೆ ಮೊದಲೇ ಬಂದೆನೆಂದು ಹೇಳಿದ್ದೆ.

"ಅವ್ವಾ, ಕಾಲು ತಾಗಿದ್ರ ಮುಟ್ಟಿ ನಮಸ್ಕಾರ ಮಾಡಾಕ ಆಗಲಿಲ್ಲ ಅಂದ್ರ?"

"ಯಾಕ ಆಗೂದಿಲ್ಲ? ಕೈ ಏನಾಗೈತಿ?"

"ಬಾಳ ಸಲ ತಾಗಿದ್ರ. ಗದ್ದಲದಾಗ."

"ಎಲ್ಲೆ ಗದ್ದಲ?"

"ಬಸ್ಸಿನ್ಯಾಗ."

"ಎಷ್ಟ ಸಲ ತಾಗತೈತಿ?"

"ಹತ್ತು, ಹದಿನಾಲ್ಕು."

ಅವ್ವ ಏನನ್ನೋ ಅಗಿದು ನುಂಗಿದ ಸದ್ದು ಕೇಳಿತು. "ಲೀಡ್ಸ್ ಬಸ್ಸಿನ್ಯಾಗ ಅಷ್ಟು ಮಂದಿ ಇರತಾರ?"

"ಈ ವಾರ ಇದ್ದಾರ."

"ಲೈಬ್ರರಿಗೆ ಹೋಗೂ ಬಸ್ಸು?"

"ಹೂಂ."

"ಇಲ್ಲಿ ಕೇಳು. ಇಪ್ಪತ್ತೈದು ವರ್ಷದಿಂದ ಹೆರಿಗಿಗೆ ಬಂದವರು ನನಗ ಒದ್ದಾರ. ಎದಿಗೆ ಒದ್ದಾರ, ಮಾರಿಗೆ ಒದ್ದಾರ. ಒಬ್ಬಾಕಿನೂ ಎದ್ದು ಕುಂತು ಕಣ್ಣಿಗೆ ಒತ್ತಿಕೊಂಡಿಲ್ಲ. ಒತ್ತಿಕೊಳ್ಳಾಕ ಹೋದ್ರ ನಾನ ಬೈತಿದ್ದೆ. ಅವರ ಕೆಲಸ ಬ್ಯಾರೆ ಇರತೈತಿ. ಕೆಲಸ ಮುಗಿದ ಮ್ಯಾಲೆ ಕೆಲವೊಬ್ಬರು ಕೈ ಹಿಡದು ಒಂದ ಮಾತು ಅಂತಾರ. ಅಷ್ಟ ಸಾಕು."

"ಅಂದ್ರ ಕಡೀಕ ಒಮ್ಮೆ ಮಾಡಿದ್ರ ನಡೀತೈತಿ?"

"ಬಸ್ಸು ನಿಂತ ಮ್ಯಾಲೆ ಮಾಡು," ಅಂದಳು ಅವ್ವ. "ಓಡೂ ಬಸ್ಸಿನ್ಯಾಗ ಬಗ್ಗಬ್ಯಾಡ, ಬೀಳ್ತಿ."

ಶನಿವಾರ ಮ್ಯಾಂಚೆಸ್ಟರ್‌ನವರ ಮಿನಿಬಸ್ಸು ಹೆದ್ದಾರಿಯಲ್ಲಿ ಸಿಕ್ಕಿಕೊಂಡು ತಡವಾಗಿ ಬಂತು. ಕನ್ನಡಕವನ್ನು ನಾನು ಚೀಲದೊಳಗೆ ಹಾಕಿದ್ದೆ. ನಾನು ತಡೆಯಬೇಕಾಗಿದ್ದವಳು ಅವರ ಏಳನೆಯ ನಂಬರು, ಸಣ್ಣಗೆ, ವೇಗವಾಗಿ ಓಡುವವಳು, ಉದ್ದ ಜಡೆಯವಳು. ನೋಡಿದ ಕೂಡಲೇ ಅವಳ ಮನೆಯಲ್ಲೂ ಒಗ್ಗರಣೆ ಹಾಕುತ್ತಾರೆಂದು ನನಗೆ ಗೊತ್ತಾಯಿತು, ಅವಳಿಗೂ ಗೊತ್ತಾಯಿತು, ಇಬ್ಬರೂ ಗೊತ್ತಾಗದವರಂತೆ ನಿಂತೆವು. ಈ ದೇಶದಲ್ಲಿ ಅದೂ ಒಂದು ಶಿಷ್ಟಾಚಾರ.

ಹತ್ತು ನಿಮಿಷದೊಳಗೆ ಅವಳಿಗೆ ಮೊದಲ ಸಲ ಕಾಲು ಕೊಟ್ಟೆ. ಕೈ ಹೊರಟಿತು. ನಾನು ಅದನ್ನು ಚಡ್ಡಿಯ ಲಾಡಿಯೊಳಗೆ ಸಿಕ್ಕಿಸಿದೆ. ನೋಡುವವರಿಗೆ ಚೆನ್ನಾಗಿ ಕಂಡಿರಲಾರದು, ಆದರೆ ಬಗ್ಗಲಿಲ್ಲ. ಚೆಂಡನ್ನು ಮುಂದಕ್ಕೆ ಹೊಡೆದೆ. ಗೆರೆಯಾಚೆಯಿಂದ ಕೋಚ್ ನಾಯಿಯ ಹಾಗೆ ಒಮ್ಮೆ ಬೊಗಳಿದರು, ಅದು ಮೆಚ್ಚುಗೆ.

ವಿಚಿತ್ರವೆಂದರೆ ಬಿದ್ದವಳು ಕೂಡಲೇ ಏಳಲಿಲ್ಲ. ನೋವಾದಂತೆಯೂ ಕಾಣಲಿಲ್ಲ. ಏನೋ ಬರಬೇಕಾಗಿದೆ, ಇನ್ನೂ ಬಂದಿಲ್ಲ ಎಂಬಂತೆ ನನ್ನ ಮುಖ ನೋಡಿದಳು. ಎರಡನೆಯ ಸಲವೂ ಹಾಗೇ. ನಾಲ್ಕನೆಯ ಸಲ ತಲೆ ಅಲ್ಲಾಡಿಸಿ ಎದ್ದು ಹೋದಳು. ನನಗೆ ಯೋಚಿಸಲು ಪುರುಸೊತ್ತಿರಲಿಲ್ಲ. ನನ್ನ ಪೂರ್ತಿ ಗಮನ ನನ್ನ ಬಲಗೈಯ ಮೇಲಿತ್ತು.

ಇನ್ನು ಐದು ನಿಮಿಷವಿದೆ ಅನ್ನುವಾಗ ಒಂದಕ್ಕೊಂದು ಗೋಲು ಆಗಿ ಆಟ ಸಮವಾಗಿತ್ತು. ಚೆಂಡು ನನ್ನ ಬಳಿ ಬಂತು. ಏಳನೆಯ ನಂಬರಿನವಳು ಓಡಿ ಬಂದು ಕಾಲು ಹಾಕಿದಳು. ಅಲ್ಲಿಯವರೆಗೆ ಒದ್ದದ್ದೆಲ್ಲ ನಾನೇ. ಅವಳ ಕಾಲು ನನಗೆ ತಾಗಿದ್ದು ಅದೇ ಮೊದಲು. ಚೆನ್ನಾಗಿಯೇ ತಾಗಿತು. ನಾನು ತಡವರಿಸಿದೆ, ಬೀಳಲಿಲ್ಲ. ಚೆಂಡು ನಮ್ಮಿಬ್ಬರಿಂದ ಎರಡು ಹೆಜ್ಜೆ ದೂರ ಉರುಳಿ ನಿಂತಿತು, ಅವಳಿಗೇ ಹತ್ತಿರ.

ಅವಳು ಚೆಂಡಿನ ಕಡೆ ಹೋಗಲಿಲ್ಲ. ನಿಂತಳು, ಬಗ್ಗಿದಳು, ನನ್ನ ಕಾಲು ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಂಡಳು.

ಆ ಕ್ಷಣದಲ್ಲಿ ನನಗೆ ಮರುಕ ಹುಟ್ಟಬೇಕಾಗಿತ್ತು ಎಂದು ಆಮೇಲೆ ಅನ್ನಿಸಿದೆ. ಆಗ ಹುಟ್ಟಿದ್ದು ಮರುಕವಲ್ಲ. ಅವಳ ಕಣ್ಣು ಮುಚ್ಚಿದೆ ಎಂಬುದೊಂದೇ ನನಗೆ ಕಂಡದ್ದು. ಚೆಂಡು ತೆಗೆದುಕೊಂಡು ಹೊರಟೆ. ಅವಳು ಇರಬೇಕಾಗಿದ್ದ ಜಾಗ ಪೂರ್ತಿ ಖಾಲಿ ಇತ್ತು. ಗೆರೆಯ ಪಕ್ಕದಲ್ಲೇ ಓಡಿ ಚೆಂಡನ್ನು ಗೋಲಿನ ಮುಂದಕ್ಕೆ ಎತ್ತಿ ಹೊಡೆದೆ. ಅದು ನಮ್ಮವಳೊಬ್ಬಳ ಮಂಡಿಗೆ ಬಡಿದು, ಅವಳಿಗೆ ತಿಳಿಯುವ ಮೊದಲೇ ಒಳಗೆ ಹೋಯಿತು.

ಆಟ ಮುಗಿದ ಮೇಲೆ ಎರಡೂ ತಂಡದವರು ಸಾಲಾಗಿ ಕೈಕುಲುಕುವುದು ರೂಢಿ. ಅವಳು ನನ್ನ ಎದುರಿಗೆ ಬಂದು ನಿಂತಳು, ಕೈ ಕೊಡಲಿಲ್ಲ.

"ನೀನು ನಾಲ್ಕು ಸಲ ಒದ್ದೆ," ಅಂದಳು. ಇಂಗ್ಲಿಷಿನಲ್ಲೇ, ಆದರೆ ಆ ಇಂಗ್ಲಿಷ್ ಲೆಸ್ಟರ್‌ನದು, ನಾನು ಸ್ಕೂಲಿಗೆ ಹೋದ ಬೀದಿಗಳದು. ಅಲ್ಲಿ ಗುಜರಾತಿಗಳೇ ಹೆಚ್ಚು, ಅವರ ಮನೆಯವಳಿರಬೇಕು. "ಒಂದು ಸಲವೂ ಇಲ್ಲ. ನಿಮ್ಮ ಮನೇಲಿ ಏನೂ ಕಲಿಸಿಲ್ವಾ?"

"ಕಲಿಸಿದ್ದಾರೆ. ಆಟ ಮುಗಿಯಲಿ ಅಂತ ಕಾಯ್ತಿದ್ದೆ."

"ನಾನು ಬಗ್ಗಿದ್ದು ನೋಡಿಯೂ ಓಡಿಹೋದೆ."

"ಹೌದು."

"ನಾಚಿಕೆ ಆಗ್ಲಿಲ್ವಾ?"

"ಗೋಲು ಆದ ಮೇಲೆ ಸ್ವಲ್ಪ ಆಯ್ತು."

ಅವಳು ನಗು ತಡೆಯಲು ತುಟಿ ಕಚ್ಚಿದಳು. ನಾನು ಬಗ್ಗಿದೆ. ಅವಳ ಕಾಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡೆ, ನಾಲ್ಕು ಸಲ, ಎಣಿಸಿ. ನನ್ನ ಹಿಂದೆ ಸಾಲು ನಿಂತುಹೋಗಿ ಯಾರೋ ಗೊಣಗಿದರು.

"ನಮ್ಮ ಕೋಚ್ ಯಾಕೆ ನಿಂತೆ ಅಂತ ಕೂಗಾಡಿದ," ಅಂದಳು. "ಲೆನ್ಸ್ ಬಿತ್ತು ಅಂದೆ."

ನಾನು ಹೋಗಿ ಚೀಲದಿಂದ ಸ್ಕ್ವಾಷ್ ಕನ್ನಡಕ ತಂದು ಅವಳ ಕೈಯಲ್ಲಿಟ್ಟೆ. ಯಾಕೆಂದು ಅವಳಿಗೆ ಸೋಮವಾರದ ತಾಲೀಮಿನಲ್ಲಿ ತಾನಾಗಿ ತಿಳಿಯುತ್ತಿತ್ತು.

ತಿರುಗಿದಾಗ ಕೋಚ್ ನನ್ನನ್ನೇ ನೋಡುತ್ತಿದ್ದರು. ಬಗ್ಗಿದ್ದನ್ನು, ನಾಲ್ಕು ಸಲ ಬಗ್ಗಿದ್ದನ್ನು, ಪೂರ್ತಿ ನೋಡಿದ್ದರು. ಒಮ್ಮೆ ಬಗ್ಗಿದರೂ ಹೆಸರು ಓದುವುದಿಲ್ಲ ಎಂದಿದ್ದರು. ಆಟ ಮುಗಿದಿತ್ತು ಎಂದು ನಾನು ವಾದಿಸಬಹುದಿತ್ತು. ವಾದಿಸುವುದೂ ನನ್ನ ಜಾಯಮಾನವಲ್ಲ. ಅವರು ಗಡಿಯಾರ ನೋಡಿಕೊಂಡರು, ಎಲೆಕೋಸು ನೋಡಿದರು, ಮೂಲೆಯ ಬಾವುಟ ಕೀಳಲು ಹೋದರು.

ಮ್ಯಾಂಚೆಸ್ಟರ್‌ನವರು ಹೊರಟುಹೋದ ಮೇಲೆ ನಾವೆಲ್ಲ ಒದ್ದೆ ಹುಲ್ಲಿನ ಮೇಲೆ ಕೂತೆವು. ಕೋಚ್ ಬಾವುಟಗಳನ್ನು ಕಂಕುಳಲ್ಲಿ ಇರುಕಿಕೊಂಡು ಬಂದರು. ಬರುವಾಗ ಅವರ ಬೂಟು ನೆಲದ ಮೇಲಿದ್ದ ನೋಟ್‌ಬುಕ್ಕಿಗೆ ತಾಗಿ ಅದು ಎರಡಡಿ ಜರುಗಿತು. ಹದಿನೆಂಟು ಮಂದಿ ಮೊದಲು ನೋಟ್‌ಬುಕ್ಕನ್ನು ನೋಡಿದರು, ಆಮೇಲೆ ನನ್ನನ್ನು, ಆಮೇಲೆ ಅವರನ್ನು.

"ನನ್ನ ನೋಡಬ್ಯಾಡ್ರಿ," ಅಂದರು. "ನಾ ಮಾಡಂಗಿಲ್ಲ."

"ಪುಸ್ತಕ ಅದು," ಅಂದಳು ಕ್ಯಾಪ್ಟನ್.

"ಬಾಯಿ ಮುಚ್ಚು."

ನೋಟ್‌ಬುಕ್ ಎತ್ತಿ, ತೊಡೆಗೆ ಎರಡು ಸಲ ಒರೆಸಿ, ಓದತೊಡಗಿದರು. ಮೊದಲು ಗೋಲ್‌ಕೀಪರ್, ಆಮೇಲೆ ರೈಟ್ ಬ್ಯಾಕ್. ಮೂರನೆಯದು ನನ್ನ ಹೆಸರು. ಅದನ್ನು ಅವರು ಎಂದಿನಂತೆ ತಪ್ಪಾಗಿಯೇ ಉಚ್ಚರಿಸಿದರು, ನಾನು ಎಂದಿನಂತೆ ತಿದ್ದಲಿಲ್ಲ. ಕಿತ್ತಳೆ ಹೆಚ್ಚುವ ಕೆಲಸವೂ ನನ್ನ ಬಳಿಯೇ ಉಳಿಯಿತು; ಅಷ್ಟು ಸಮನಾಗಿ ಹೆಚ್ಚುವವರು ಬೇರೆ ಸಿಕ್ಕಿಲ್ಲವಂತೆ.

ಮಾರನೆಯ ದಿನ ಬೆಳಿಗ್ಗೆ ಫೋನು ಅವ್ವನದೇ ಬಂತು. ಅಪ್ಪನ ಪೂಜೆಯ ಗಂಟೆ ಹಿಂದಿನಿಂದ ಕೇಳುತ್ತಿತ್ತು. ಊಟ, ಬಟ್ಟೆ, ಚಳಿ ಎಲ್ಲ ಕೇಳಿ ಮುಗಿಸಿದ ಮೇಲೆ ಅವ್ವ ಬಸ್ಸಿನ ವಿಷಯಕ್ಕೆ ಬಂದಳು.

"ಮತ್ತ ಆ ಬಸ್ಸಿನ್ಯಾಗ ಸೀಟು ಸಿಕ್ತೇನ?"

"ಸಿಕ್ತವ್ವಾ."

"ಚಲೋ ಆತು. ಕಾಲಿಗೆ ಐಸ್ ಇಟ್ಗೊ, ಹತ್ತು ನಿಮಿಷ, ಬಟ್ಟಿ ಸುತ್ತಿ. ಬರೇ ಐಸ್ ಇಡಬ್ಯಾಡ, ಚರ್ಮಾ ಸುಡತೈತಿ."